ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಎ ಪ್ಲಸ್, ಸಿಸಿಎನ್‌ಎ ಮಾಡ್ಕೊಂಡ್ರೆ ನಿಜವಾಗ್ಲೂ ಉಪಯೋಗ ಆಗತ್ತಾ?

ಹಾಸನ_ಬಿಕಾಂ:
ಎಲ್ರಿಗೂ ನಮಸ್ಕಾರ. ಬಿಕಾಂ ಮುಗಿಸಿದೀನಿ, ಊರು ಹಾಸನದ ಹತ್ರ. ಅಕೌಂಟ್ಸ್ ಕಡೆ ಮನಸ್ಸಿಲ್ಲ, ಮೊದ್ಲಿಂದ್ಲೂ ಕಂಪ್ಯೂಟರ್ ಬಿಚ್ಚೋದು, ವಿಂಡೋಸ್ ಹಾಕೋದು, ಅಕ್ಕಪಕ್ಕದ ಮನೆಯವ್ರ ಪ್ರಿಂಟರ್ ಸರಿ ಮಾಡೋದು ಇದೇ ಹುಚ್ಚು. ಈಗ ಬೆಂಗಳೂರಲ್ಲಿ ಅಣ್ಣನ ರೂಮಲ್ಲಿದ್ಕೊಂಡು ಹೆಲ್ಪ್‌ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್ ಅಂತ ಸಿಕ್ಕಿದ್ದಕ್ಕೆಲ್ಲ ಅಪ್ಲೈ ಮಾಡ್ತಿದೀನಿ, ಒಂದೂ ಕಾಲ್ ಬರ್ತಿಲ್ಲ. ಒಂದು ಇನ್‌ಸ್ಟಿಟ್ಯೂಟಲ್ಲಿ ವಿಚಾರಿಸ್ದೆ, ಎ ಪ್ಲಸ್ (ಕಂಪ್ಯೂಟರ್ ರಿಪೇರಿ, ಸಪೋರ್ಟ್), ನೆಟ್‌ವರ್ಕ್ ಪ್ಲಸ್ (ನೆಟ್‌ವರ್ಕ್ ಬೇಸಿಕ್ಸ್), ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್), ಎಂಸಿಎಸ್‌ಇ (ಮೈಕ್ರೋಸಾಫ್ಟ್‌ದು) ನಾಲ್ಕೂ ಸೇರಿ 65 ಸಾವಿರ, ನೂರಕ್ಕೆ ನೂರು ಪ್ಲೇಸ್‌ಮೆಂಟ್, ಇಎಂಐ ಬೇಕಾದ್ರೂ ಮಾಡ್ಕೊಡ್ತೀವಿ ಅಂದ್ರು. ಅಪ್ಪ ಹೊಂದಿಸ್ತೀನಿ ಅಂತಾರೆ, ಆದ್ರೆ ಈ ಸಲ ಶುಂಠಿ ಕೈ ಕೊಟ್ಟಿದೆ, ಕೇಳೋಕೇ ಮನಸ್ಸು ಬರ್ತಿಲ್ಲ. ಈ ಫೀಲ್ಡಲ್ಲಿ ಇರೋರು ಹೇಳಿ, ಸರ್ಟಿಫಿಕೇಟ್ ನೋಡಿ ಕೆಲಸ ಕೊಡ್ತಾರಾ ಇಲ್ವಾ?

ಟಿಕೆಟ್_ಕ್ಲೋಸ್ಡ್:
ಬ್ರೋ ಮೊದ್ಲು ಆ ಇನ್‌ಸ್ಟಿಟ್ಯೂಟ್ ಬಾಗಿಲಿಂದ ಆಚೆ ಬಾ. ಎಂಸಿಎಸ್‌ಇ ಅನ್ನೋ ಪರೀಕ್ಷೆನೇ ಈಗಿಲ್ಲ, ಮೈಕ್ರೋಸಾಫ್ಟ್ ಅದನ್ನ 2021ರ ಜನವರಿ 31ಕ್ಕೆ ಮುಚ್ಚಿದೆ, ಅದರ ಕೆಳಗಿನ ಹಂತದ ಎಂಸಿಎಸ್‌ಎನೂ ಅದರ ಜೊತೆಗೇ ಹೋಯ್ತು. ಇಲ್ಲದೇ ಇರೋ ಪರೀಕ್ಷೆಗೆ ಕೋಚಿಂಗ್ ಮಾರ್ತಾ ಕೂತಿದಾರೆ ಅಂದ್ರೆ ಮಿಕ್ಕ ಮೂರರ ಗತಿ ಏನಿರಬಹುದು ನೀನೇ ಯೋಚ್ನೆ ಮಾಡು.

ನಿನ್ನ ಪ್ರಶ್ನೆಗೆ ಬರ್ತೀನಿ. ನಾನು ಎಲ್1, ಅಂದ್ರೆ ಮೊದಲ ಹಂತದ ಸಪೋರ್ಟ್ ಕೆಲಸದಿಂದ ಶುರು ಮಾಡಿ ಈಗ ಒಂದು ಸಣ್ಣ ಟೀಮ್ ನೋಡ್ಕೊಳ್ತೀನಿ, ಫ್ರೆಶರ್ ಇಂಟರ್ವ್ಯೂ ನಾನೂ ತಗೋತೀನಿ. ಬೆಂಗಳೂರಲ್ಲಿ ಎಲ್1 ಸೀಟಿಗೆ ಎ ಪ್ಲಸ್ ಇದೆಯಾ ಅಂತ ನಾನು ಯಾರನ್ನೂ ಕೇಳಿಲ್ಲ, ನನ್ನನ್ನೂ ಯಾರೂ ಕೇಳಿರ್ಲಿಲ್ಲ. ಕೇಳೋದು ಬೇರೆ: ಇಂಗ್ಲಿಷಲ್ಲಿ ಫೋನಲ್ಲಿ ಮಾತಾಡ್ತೀಯಾ, ರಾತ್ರಿ ಶಿಫ್ಟ್ ಓಕೆನಾ, ನಾಳೆನೇ ಜಾಯಿನ್ ಆಗ್ತೀಯಾ, ಆಮೇಲೆ ನಾಕು ಟೆಕ್ನಿಕಲ್ ಪ್ರಶ್ನೆ. ಆ ನಾಕು ಪ್ರಶ್ನೆಗೆ ಬೇಕಾಗಿರೋ ವಿಷಯ ಎ ಪ್ಲಸ್ ಸಿಲೆಬಸ್ಸಲ್ಲಿ ಇದೆ, ಅದು ನಿಜ. ಸಿಲೆಬಸ್ ಬಿಟ್ಟಿ ಸಿಗತ್ತೆ, ಓದು. ಪರೀಕ್ಷೆ ಫೀಸ್ ಈಗ್ಲೇ ಕಟ್ಬೇಡ, ಸಂಬಳ ಬರೋಕೆ ಶುರುವಾದ್ಮೇಲೆ ನೋಡ್ಕೊಳಣ.

ನೈಟ್‌ಶಿಫ್ಟ್_ಕಾಫಿ:
ಟಿಕೆಟ್ ಸರ್ ಹೇಳಿದ್ದು ಬಿಸಿಎ, ಡಿಪ್ಲೊಮಾ, ಬಿಇ ಮಾಡಿರೋರಿಗೆ ಸರಿ. ಬಿಎ ಬಿಕಾಂ ಜನಕ್ಕೆ ಕಥೆನೇ ಬೇರೆ. ನಾನು ಬಿಎ, ಹಿಸ್ಟರಿ. ರೆಸ್ಯೂಮೆಲಿ ಕಂಪ್ಯೂಟರ್ ಅನ್ನೋ ಪದ ಬರೋಕೆ ಜಾಗನೇ ಇರ್ಲಿಲ್ಲ, ಯಾರ್ ನೋಡ್ತಾರೆ ಹೇಳಿ. ಸಿಸಿಎನ್‌ಎ ಕ್ಲಿಯರ್ ಮಾಡಿ ನೌಕ್ರಿ ಸೈಟಿನ ಪ್ರೊಫೈಲಲ್ಲಿ ಹಾಕಿದ್ಮೇಲೆ ಫೋನ್ ಬರೋಕೆ ಶುರುವಾಯ್ತು, ಇದು ನಾನು ಕಣ್ಣಾರೆ ಕಂಡಿದ್ದು. ಇಂಟರ್ವ್ಯೂಲಿ ಸಿಸಿಎನ್‌ಎ ಒಳಗಿನದ್ದು ಒಂದೂ ಕೇಳಲಿಲ್ಲ ಅದು ಬೇರೆ ವಿಷಯ, ಔಟ್‌ಲುಕ್ ಕೇಳಿದ್ರು, ಪ್ರಿಂಟರ್ ಕೇಳಿದ್ರು. ಆದ್ರೆ ಆ ಕುರ್ಚಿ ತನಕ ಕರ್ಕೊಂಡು ಹೋಗಿದ್ದು ಅದೇ ಕಾಗದ. ಹಾಸನದವ್ರು ಬಿಕಾಂ, ಅವ್ರಿಗೆ ಬೇಡ್ವೇ ಬೇಡ ಅಂತ ಹೇಳೋದು ತಪ್ಪಾಗತ್ತೆ.

ಟಿಕೆಟ್_ಕ್ಲೋಸ್ಡ್:
ಒಪ್ದೆ, ಆದ್ರೆ ಸಿಸಿಎನ್‌ಎ ಪರೀಕ್ಷೆ ಫೀಸೇ 300 ಡಾಲರ್, ತೆರಿಗೆ ಸೇರಿದ್ರೆ 25 ಸಾವಿರ ದಾಟತ್ತೆ. ಫೇಲ್ ಆದ್ರೆ ಆ ದುಡ್ಡು ಹೋಯ್ತು, ಐದು ದಿನ ಬಿಟ್ಟು ಮತ್ತೆ ಪೂರ್ತಿ ಫೀಸ್ ಕಟ್ಟಿ ಬರೀಬೇಕು. ಹದಿನಾರು ಹದಿನೇಳು ಸಾವಿರ ಕೈಗೆ ಬರೋ ಕೆಲಸಕ್ಕೆ ಅಷ್ಟು ಸುರಿಯೋಕೆ ಎಲ್ರ ಕೈಲೂ ಆಗಲ್ಲ.

ರೆಸ್ಯೂಮೆ_ನೋಡೋಳು:
ನಾನು ಸ್ಟಾಫಿಂಗ್ ಕಂಪನಿಲಿ ರಿಕ್ರೂಟರ್. ಇಬ್ರೂ ಅರ್ಧರ್ಧ ಸರಿ ಇದೀರಾ. ಒಳಗೆ ಏನ್ ನಡಿಯತ್ತೆ ಅಂತ ಹೇಳ್ತೀನಿ, ಆಮೇಲೆ ನೀವೇ ನಿರ್ಧಾರ ಮಾಡಿ.

ದೊಡ್ಡ ಕಂಪನಿ ತನ್ನ ಐಟಿ ಸಪೋರ್ಟನ್ನ ಒಬ್ಬ ವೆಂಡರ್‌ಗೆ ಕೊಟ್ಟಿರತ್ತೆ, ಆ ವೆಂಡರ್ ನಮ್ಮಂಥವ್ರಿಗೆ ಜನ ಬೇಕು ಅಂತ ಹೇಳ್ತಾನೆ. ನಮ್ಮ ಕೈಗೆ ಬರೋ ಜೆಡಿಲಿ, ಅಂದ್ರೆ ಕೆಲಸದ ವಿವರದಲ್ಲಿ, ಇರೋದು ಇಷ್ಟು: ಎನಿ ಗ್ರಾಜ್ಯುಯೇಟ್, ಒಳ್ಳೆ ಕಮ್ಯುನಿಕೇಶನ್, ರೊಟೇಶನಲ್ ಶಿಫ್ಟ್, ವಿಂಡೋಸ್, ಆಫೀಸ್ 365, ಆಕ್ಟಿವ್ ಡೈರೆಕ್ಟರಿ (ಆಫೀಸಿನ ಯೂಸರ್, ಪಾಸ್‌ವರ್ಡ್, ಕಂಪ್ಯೂಟರೆಲ್ಲ ಒಂದೇ ಕಡೆ ನೋಡ್ಕೊಳ್ಳೋ ಮೈಕ್ರೋಸಾಫ್ಟ್ ವ್ಯವಸ್ಥೆ), ಯಾವುದಾದ್ರೂ ಟಿಕೆಟಿಂಗ್ ಟೂಲ್ (ಯೂಸರ್ ದೂರು ದಾಖಲಿಸೋ ಸಾಫ್ಟ್‌ವೇರ್). ಸರ್ಟಿಫಿಕೇಶನ್ ಅಂತ ಇದ್ರೆ "ಇದ್ದರೆ ಒಳ್ಳೇದು" ಸಾಲಲ್ಲಿ ಇರತ್ತೆ. ನಾವು ನೌಕ್ರಿಲಿ ಈ ಪದಗಳನ್ನೇ ಹಾಕಿ ಹುಡುಕ್ತೀವಿ. ನಿಮ್ಮ ರೆಸ್ಯೂಮೆಲಿ ಆ ಪದಗಳಿಲ್ಲ ಅಂದ್ರೆ ನೀವು ನಮಗೆ ಕಾಣ್ಸೋದೇ ಇಲ್ಲ, ನೀವು ಕೆಟ್ಟವರು ಅಂತ ಅಲ್ಲ. ಕಾಫಿ ಅವ್ರಿಗೆ ಕಾಲ್ ಬಂದಿದ್ದು ಸಿಸಿಎನ್‌ಎ ಅನ್ನೋ ಪದ ಸರ್ಚಿಗೆ ಸಿಕ್ಕಿದ್ರಿಂದ. ನಮ್ಮ ಕಡೆ ರಿಕ್ರೂಟರ್ಸ್‌ಗೆ ಸಿಸಿಎನ್‌ಎ ಚೆನ್ನಾಗಿ ಗೊತ್ತು, ಎ ಪ್ಲಸ್ ಅಂದ್ರೆ ಎಷ್ಟೋ ಜನ ಬ್ಲಡ್ ಗ್ರೂಪ್ ಅಂದ್ಕೋತಾರೆ, ತಮಾಷೆಗೆ ಹೇಳ್ತಿಲ್ಲ.

ಹಾಸನದವ್ರೇ, ಆಕ್ಟಿವ್ ಡೈರೆಕ್ಟರಿ, ಔಟ್‌ಲುಕ್ ಟ್ರಬಲ್‌ಶೂಟಿಂಗ್, ವಿಂಡೋಸ್ 11 ಇನ್‌ಸ್ಟಾಲೇಶನ್, ಡಿಎಚ್‌ಸಿಪಿ (ಮಷಿನಿಗೆ ನೆಟ್‌ವರ್ಕ್ ಅಡ್ರೆಸ್ ಕೊಡೋದು), ಡಿಎನ್‌ಎಸ್ (ಸೈಟ್ ಹೆಸರನ್ನ ಅಡ್ರೆಸ್ಸಾಗಿ ಬದಲಿಸೋದು) ಇವನ್ನ ನಿಜವಾಗಿ ಕಲಿತು, ಕಲಿತ ಮೇಲೆ ರೆಸ್ಯೂಮೆಲಿ ಬರೀರಿ. ಕಲೀದೆ ಬರೆದ್ರೆ ಟಿಕೆಟ್ ಸರ್ ಥರದವ್ರು ಎರಡನೇ ಪ್ರಶ್ನೆಗೇ ಹಿಡೀತಾರೆ. ಇನ್ನೊಂದು, ಪ್ರೊಫೈಲ್ ಆಗಾಗ ಅಪ್‌ಡೇಟ್ ಮಾಡ್ತಿರಿ, ಹಳೇ ಪ್ರೊಫೈಲ್ ಕೆಳಗೆ ಹೋಗ್ಬಿಡತ್ತೆ.

ಹುಬ್ಬಳ್ಳಿ_ಫೀಲ್ಡ್:
ಎಲ್ಲಾರೂ ಬೆಂಗಳೂರಿಂದ ಅಷ್ಟ ಮಾತಾಡಾಕತ್ತೀರಿ, ನಮ್ ಕಡೆದ್ದೂ ಸ್ವಲ್ಪ ಕೇಳ್ರಿ. ನಾ ಫೀಲ್ಡ್ ಎಂಜಿನಿಯರ್, ಹುಬ್ಬಳ್ಳಿಯೊಳಗ ಇರ್ತೀನಿ, ಗದಗ ಹಾವೇರಿ ಮಟಾ ಹೋಗ್ತೀನಿ. ಬ್ಯಾಂಕಿನ ಬ್ರ್ಯಾಂಚ್ ಕೆಲಸ. ಪಾಸ್‌ಬುಕ್ ಪ್ರಿಂಟರ್ ಕೈ ಕೊಟ್ಟದ, ಸ್ವಿಚ್ ಸತ್ತದ, ಯುಪಿಎಸ್ ಬೀಪ್ ಹೊಡ್ಯಾಕತ್ತದ, ಲಿಂಕ್ ಇಲ್ಲಂದ್ರ ಕ್ಯಾಷ್ ಕೌಂಟರ್ ಮುಂದ ಮಂದಿ ನಿಂತಿರ್ತಾರ, ಮ್ಯಾನೇಜರ್ ಸಾಹೇಬ್ರು ಫೋನ್ ಮ್ಯಾಲ ಫೋನ್ ಹಚ್ತಾರ. ಅಲ್ಲಿ ಹೋಗಿ ನಿಂತಾಗ ಯಾವ ಸರ್ಟಿಫಿಕೇಟೂ ಕೆಲಸಕ್ಕ ಬರೂದಿಲ್ರಿ. ಕೇಬಲ್ ಕ್ರಿಂಪ್ ಮಾಡಾಕ ಬರ್ಬೇಕು, ಪ್ರಿಂಟರ್ ಬಿಚ್ಚಾಕ ಬರ್ಬೇಕು, ಮಂದಿ ಜೋಡಿ ಸಮಾಧಾನದಿಂದ ಮಾತಾಡಾಕ ಬರ್ಬೇಕು. ನನ್ನ ತಗೊಂಡವ್ರು ಕೇಳಿದ್ದು ಎರಡ ಮಾತು, ಗಾಡಿ ಅದ ಏನು, ಲೈಸೆನ್ಸ್ ಅದ ಏನು.

ನಾ ಐಟಿಐ, ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡ್. ಪಗಾರ ಕಡಿಮಿ ಅದ, ಪೆಟ್ರೋಲ್ ಬಿಲ್ ಕೊಡಾಕ ತಡ ಮಾಡ್ತಾರ, ಅದನ್ನ ಮುಚ್ಚಿಡೂದಿಲ್ಲ. ಆದ್ರ ಒಂದ ವರ್ಷದಾಗ ಕಲ್ತಿದ್ದು ಭಾಳ ಅದ. ತಮ್ಮಾ, ಬೆಂಗಳೂರಾಗ ಕಾಲ್ ಬರ್ಲಿಲ್ಲಂದ್ರ ಹಾಸನದಾಗ ಇಂಥಾ ಕೆಲಸ ಹುಡುಕು, ರೂಮ್ ಬಾಡಿಗಿ ಉಳೀತದ, ಅನುಭವ ಅಂತ ಬರ್ಯಾಕ ಒಂದ ಸಾಲು ಸಿಗ್ತದ. 65 ಸಾವಿರ ರೊಕ್ಕ ಅಂದ್ರ ಸಣ್ಣ ಮಾತಲ್ಲ.

ಹಾಸನ_ಬಿಕಾಂ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಆಕ್ಟಿವ್ ಡೈರೆಕ್ಟರಿ ಕಲೀರಿ ಅಂತೀರಲ್ಲ ಮೇಡಂ, ಅದು ಆಫೀಸಲ್ಲಿ ಮಾತ್ರ ಇರೋದಲ್ವಾ, ಮನೇಲಿ ಹೇಗೆ ಕಲಿಯೋದು? ನನ್ ಹತ್ರ ಇರೋದು ಹಳೇ ಲ್ಯಾಪ್‌ಟಾಪ್, 8 ಜಿಬಿ ರ್ಯಾಮ್. ಆಮೇಲೆ ಗೂಗಲ್‌ದು ಒಂದು ಐಟಿ ಸಪೋರ್ಟ್ ಸರ್ಟಿಫಿಕೇಟ್ ಇದೆ ಅಂತ ಅಣ್ಣ ಹೇಳ್ದ, ಅದು ಪರ್ವಾಗಿಲ್ವಾ?

ಕುಡ್ಲ_ಲ್ಯಾಬ್:
8 ಜಿಬಿ ಸಾಕು ಮಾರಾಯ್ರೆ, ಸ್ವಲ್ಪ ಏದುಸಿರು ಬಿಡ್ತದೆ ಅಷ್ಟೆ. ವರ್ಚುವಲ್‌ಬಾಕ್ಸ್ ಹಾಕಿ, ಒಂದು ಕಂಪ್ಯೂಟರೊಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್, ಅದು ಉಚಿತ. ಮೈಕ್ರೋಸಾಫ್ಟ್ ಸೈಟಲ್ಲೇ ವಿಂಡೋಸ್ ಸರ್ವರಿನ ಇವ್ಯಾಲ್ಯುಯೇಶನ್ ಕಾಪಿ ಉಂಟು, 180 ದಿನ ನಡೀತದೆ, ದುಡ್ಡು ಕೊಡ್ಬೇಕಂತ ಇಲ್ಲ. ಅದರ ಮೇಲೆ ಆಕ್ಟಿವ್ ಡೈರೆಕ್ಟರಿ ರೋಲ್ ಹಾಕಿ ಒಂದು ಡೊಮೇನ್, ಅಂದ್ರೆ ಒಂದೇ ಕಡೆಯಿಂದ ನೋಡಿಕೊಳ್ಳುವ ಕಂಪ್ಯೂಟರ್ ಗುಂಪು, ಮಾಡಿ. ಇನ್ನೊಂದು ವರ್ಚುವಲ್ ಮಷಿನಲ್ಲಿ ವಿಂಡೋಸ್ 11 ಎಂಟರ್‌ಪ್ರೈಸ್ ಇವ್ಯಾಲ್ಯುಯೇಶನ್ ಹಾಕಿ, ಅದು 90 ದಿನ. ಹೋಮ್ ಎಡಿಶನ್ ಹಾಕಿ ಡೊಮೇನ್‌ಗೆ ಜಾಯಿನ್ ಆಗ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಬೇಡಿ, ಹೋಮ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಡೊಮೇನ್ ಜಾಯಿನ್ ಆಗುವಾಗ ತೊಂದರೆ ಬಂದೇ ಬರ್ತದೆ, ಹೆಚ್ಚಿನ ಸಲ ಕ್ಲೈಂಟ್ ಮಷಿನಿನ ಡಿಎನ್‌ಎಸ್ ಆ ಸರ್ವರ್ ಕಡೆಗೆ ತೋರಿಸ್ತಾ ಇರುವುದಿಲ್ಲ. ಅದನ್ನು ಹುಡುಕಿ ಸರಿ ಮಾಡಿದ್ರೆ ಡಿಎನ್‌ಎಸ್ ಅಂದ್ರೆ ಎಂತ ಅಂತ ಜನ್ಮದಲ್ಲಿ ಮರೆಯುವುದಿಲ್ಲ.

ಮತ್ತೆ ಆಟ ಆಡಿ. ಯೂಸರ್ ಮಾಡಿ, ತಪ್ಪು ಪಾಸ್‌ವರ್ಡ್ ಹೊಡೆದು ಅಕೌಂಟ್ ಲಾಕ್ ಮಾಡಿ, ಅನ್‌ಲಾಕ್ ಮಾಡಿ. ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಮಷಿನಿಗೆ ಒಟ್ಟಿಗೆ ನಿಯಮ ಹಾಕುವುದು) ವಾಲ್‌ಪೇಪರ್ ಬದಲಿಸಿ, ಪೆನ್‌ಡ್ರೈವ್ ಬ್ಲಾಕ್ ಮಾಡಿ. ಶೇರ್ಡ್ ಫೋಲ್ಡರ್ ಕೊಟ್ಟು ಒಬ್ಬನಿಗೆ ಓದಲಿಕ್ಕೆ ಮಾತ್ರ, ಇನ್ನೊಬ್ಬನಿಗೆ ಬರೀಲಿಕ್ಕೂ ಪರ್ಮಿಷನ್ ಕೊಡಿ. ಪ್ರತಿಯೊಂದಕ್ಕೂ ಸ್ಕ್ರೀನ್‌ಶಾಟ್ ತೆಗೆದು ಏನು ತೊಂದರೆ ಬಂತು, ಹೇಗೆ ಸರಿಹೋಯ್ತು ಅಂತ ಟಿಕೆಟ್ ಥರ ಬರೆದಿಡಿ. ನೆಟ್‌ವರ್ಕಿಂಗ್‌ಗೆ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅಕೌಂಟ್ ಮಾಡಿದ್ರೆ ನೆಟ್‌ವರ್ಕ್ ಅಭ್ಯಾಸದ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಉಚಿತ.

ಗೂಗಲ್‌ದು ಕೋರ್ಸೆರಾ ಅನ್ನುವ ಆನ್‌ಲೈನ್ ಕಲಿಕೆ ಸೈಟಲ್ಲಿ ಉಂಟು, 2018ರಲ್ಲಿ ಶುರುವಾದದ್ದು. ಸಪೋರ್ಟ್ ಬೇಸಿಕ್ಸ್, ನೆಟ್‌ವರ್ಕಿಂಗ್, ಆಪರೇಟಿಂಗ್ ಸಿಸ್ಟಮ್, ಸಿಸ್ಟಮ್ ಅಡ್ಮಿನ್, ಸೆಕ್ಯುರಿಟಿ ಎಲ್ಲ ಬರ್ತದೆ. ಪಾಠ ನಿಜವಾಗಿ ಚೆನ್ನಾಗಿದೆ, ಏನೂ ಗೊತ್ತಿಲ್ಲದವರಿಗೆ ಅದಕ್ಕಿಂತ ಒಳ್ಳೆ ಶುರುವಾತು ನಾನು ನೋಡಿಲ್ಲ. ಆದ್ರೆ ಪರೀಕ್ಷೆಗೆ ಮೇಲ್ವಿಚಾರಕ ಇಲ್ಲ, ಮನೆಯಲ್ಲಿ ಕೂತು ಕ್ವಿಜ್ ಮಾಡುವುದು, ಹಾಗಾಗಿ ಇಂಟರ್ವ್ಯೂ ಮಾಡುವವರು ಅದನ್ನು ದೊಡ್ಡದಾಗಿ ಎಣಿಸುವುದಿಲ್ಲ. ತಿಂಗಳ ಲೆಕ್ಕದಲ್ಲಿ ಫೀಸ್, ಬೇಗ ಮುಗಿಸಿದ್ರೆ ಕಡಿಮೆ. ಕೊಡ್ಲಿಕ್ಕೆ ಆಗದವರು ಫೈನಾನ್ಶಿಯಲ್ ಏಡ್‌ಗೆ ಅರ್ಜಿ ಹಾಕ್ಬಹುದು. ಕಲಿಲಿಕ್ಕೆ ಮಾಡಿ, ಫ್ರೇಮ್ ಹಾಕಿಸ್ಲಿಕ್ಕೆ ಬೇಡ.

ಎಸ್ಪಿರೋಡ್_ಗಿರಾಕಿ:
ರ್ಯಾಮ್ ಬೇಕಂದ್ರೆ ಎಸ್ಪಿ ರೋಡಿಗೆ ಬಾ ಗುರು, ಸೆಕೆಂಡ್ ಹ್ಯಾಂಡ್ ಸಿಗತ್ತೆ, ಅಲ್ಲೇ ಹಾಕಿ ಟೆಸ್ಟ್ ಮಾಡಿ ತಗೋ. ಭಾನುವಾರ ಮಾತ್ರ ಬರ್ಬೇಡ, ಮುಕ್ಕಾಲು ಅಂಗಡಿ ಮುಚ್ಚಿರತ್ತೆ.

ಸೀದಾ_ಪಾಸ್:
ಇಷ್ಟೆಲ್ಲ ಯಾಕ್ರಪ್ಪ ಕಷ್ಟ, ಡಂಪ್ಸ್, ಅಂದ್ರೆ ಪರೀಕ್ಷೆಯಿಂದ ಸೋರಿದ ಪ್ರಶ್ನೆ ಉತ್ತರ, ಸಿಗತ್ತೆ, ಎರಡು ವಾರ ಬಾಯಿಪಾಠ ಮಾಡಿ ಸಿಸಿಎನ್‌ಎ ಹೊಡೀರಿ. ನನ್ ಫ್ರೆಂಡ್ಸ್ ತುಂಬಾ ಜನ ಮಾಡಿದಾರೆ.

ಟಿಕೆಟ್_ಕ್ಲೋಸ್ಡ್:
ಆ ಫ್ರೆಂಡ್ಸನ್ನ ನಾನೂ ಭೇಟಿ ಮಾಡಿದೀನಿ ಅನ್ಸತ್ತೆ, ಇಂಟರ್ವ್ಯೂ ರೂಮಲ್ಲಿ. ಡಂಪ್ ಓದಿರೋದು ಸಿಸ್ಕೊಗೆ ಗೊತ್ತಾದ್ರೆ ಸರ್ಟಿಫಿಕೇಟ್ ರದ್ದು, ಮುಂದೆ ಪರೀಕ್ಷೆ ಬರೆಯೋಕೂ ನಿಷೇಧ ಹಾಕ್ತಾರೆ, ಅದು ಒಂದು. ನಾನು ಕೇಳೋ ಪ್ರಶ್ನೆಗಳು ಇಲ್ಲೇ ಬರೀತೀನಿ, ಗುಟ್ಟೇನೂ ಇಲ್ಲ, ಗೊತ್ತಿದ್ದು ಬಂದ್ರೂ ನಂಗೆ ಖುಷಿನೇ.

ಯೂಸರ್ ಫೋನ್ ಮಾಡಿ ಇಂಟರ್ನೆಟ್ ಬರ್ತಿಲ್ಲ ಅಂದ, ಏನ್ ಮಾಡ್ತೀಯಾ? ಹತ್ತರಲ್ಲಿ ಎಂಟು ಜನ ರೂಟರ್ ರೀಸ್ಟಾರ್ಟ್ ಅಂತಾರೆ. ಅಣ್ಣ, ಆಫೀಸ್ ರೂಟರ್ ರೀಸ್ಟಾರ್ಟ್ ಮಾಡೋಕೆ ನೀನ್ಯಾರು. ನಂಗೆ ಬೇಕಿರೋದು ಮೊದ್ಲು ನೀನು ತಿರುಗಿ ಪ್ರಶ್ನೆ ಕೇಳೋದು, ನಿಮಗೊಬ್ರಿಗೇನಾ ಇಲ್ಲ ಪಕ್ಕದವ್ರಿಗೂ ಹಂಗೇನಾ, ವೈಫೈನಾ ಕೇಬಲ್ಲಾ, ಯಾವಾಗಿಂದ, ಒಂದೇ ಸೈಟಾ ಎಲ್ಲನೂನಾ. ಆಮೇಲೆ ಐಪಿಕಾನ್ಫಿಗ್ ಕಮಾಂಡ್ ಹೊಡೆದು ನೋಡಿದ್ರೆ 169.254 ಇಂದ ಶುರುವಾಗೋ ಅಡ್ರೆಸ್ ಬಂದಿದೆ ಅಂತೀನಿ, ಅಂದ್ರೆ ಏನು? ಡಿಎಚ್‌ಸಿಪಿ ಸರ್ವರಿಂದ ಅಡ್ರೆಸ್ ಸಿಕ್ಕಿಲ್ಲ, ಮಷಿನ್ ತಾನೇ ಒಂದು ಹಾಕ್ಕೊಂಡಿದೆ. ಸರಿ, ಅಡ್ರೆಸ್ ಸರಿಯಾಗಿದೆ, 8.8.8.8 (ಗೂಗಲ್ ಸರ್ವರ್) ಪಿಂಗ್ ಆಗತ್ತೆ, ಅಂದ್ರೆ ಉತ್ತರ ಬರತ್ತೆ, ಆದ್ರೆ ಸೈಟ್ ಹೆಸರು ಹಾಕಿದ್ರೆ ತೆಗೀತಿಲ್ಲ ಅಂದ್ರೆ? ಡಿಎನ್‌ಎಸ್ ಕಡೆ ನೋಡ್ಬೇಕು. ಔಟ್‌ಲುಕ್ ಮೇಲ್ ಫೈಲ್‌ಗಳಾದ ಒಎಸ್‌ಟಿಗೂ ಪಿಎಸ್‌ಟಿಗೂ ಏನ್ ವ್ಯತ್ಯಾಸ, ಯಾವುದು ಅಳಿಸಿಹೋದ್ರೆ ನಿದ್ದೆ ಬರಲ್ಲ? ಒಎಸ್‌ಟಿ ಸರ್ವರಲ್ಲಿರೋದರ ಕಾಪಿ, ಮತ್ತೆ ಬರತ್ತೆ, ಪಿಎಸ್‌ಟಿ ಹೋದ್ರೆ ಬ್ಯಾಕಪ್ ಇಲ್ದಿದ್ರೆ ಹೋಯ್ತು.

ಕೊನೇಲಿ ಒಂದು ಕೇಳ್ತೀನಿ, ದೊಡ್ಡ ಡೈರೆಕ್ಟರ್ ಒಬ್ರು ಪಾಸ್‌ವರ್ಡ್ ರೀಸೆಟ್ ಮಾಡು, ಐಡೆಂಟಿಟಿ ಗಿಡೆಂಟಿಟಿ ಕೇಳ್ಬೇಡ, ಅರ್ಜೆಂಟು ಅಂತ ಕೂಗ್ತಿದಾರೆ, ಏನ್ ಮಾಡ್ತೀಯಾ. ಇದಕ್ಕೆ ಸರ್ಟಿಫಿಕೇಟ್ ಇರೋರೂ ಎಡವ್ತಾರೆ. ಪ್ರೊಸೀಜರ್ ಬಿಡದೆ, ಮರ್ಯಾದೆನೂ ಬಿಡದೆ ಉತ್ತರ ಕೊಟ್ಟವ್ರನ್ನ ಅವತ್ತೇ ಸೆಲೆಕ್ಟ್ ಮಾಡಿದೀನಿ.

ವರ್ಜೀನಿಯಾ_ವಾಸಿ:
ಎ ಪ್ಲಸ್ ಬಗ್ಗೆ ಒಂದು ಮಾತು. ಯೂಟ್ಯೂಬಲ್ಲಿ, ಇಂಗ್ಲಿಷ್ ಫೋರಂಗಳಲ್ಲಿ ಎಲ್ಲಿ ನೋಡಿದ್ರೂ ಎ ಪ್ಲಸ್ ಮಾಡು ಎ ಪ್ಲಸ್ ಮಾಡು ಅಂತಾರಲ್ಲ, ಅದು ಅಮೆರಿಕದ ಮಾತು. ಇಲ್ಲಿ ರಕ್ಷಣಾ ಇಲಾಖೆ 8570 ಅಂತ ಒಂದು ನಿಯಮ ಮಾಡ್ತು, ಅವರ ಕಂಪ್ಯೂಟರ್ ವ್ಯವಸ್ಥೆ ನಿರ್ವಹಿಸೋ ಸೈನಿಕ ಆಗ್ಲಿ ಕಂಟ್ರ್ಯಾಕ್ಟರ್ ಆಗ್ಲಿ ಪಟ್ಟಿಲಿರೋ ಯಾವ್ದಾದ್ರೂ ಸರ್ಟಿಫಿಕೇಟ್ ಇಟ್ಕೊಂಡಿರ್ಲೇಬೇಕು, ಕೆಳಗಿನ ಹಂತದ ಪಟ್ಟಿಲಿ ಎ ಪ್ಲಸ್ ಇತ್ತು. ಈಗ ಅದರ ಜಾಗಕ್ಕೆ 8140 ಬಂದಿದೆ. ನಮ್ಮ ಏರಿಯಾದಲ್ಲಿ ಆ ಕಂಟ್ರ್ಯಾಕ್ಟ್ ಕಂಪನಿಗಳೇ ತುಂಬಿರೋದ್ರಿಂದ ಇಲ್ಲಿ ಅದಕ್ಕೆ ನಿಜವಾದ ಬೆಲೆ ಇದೆ. ಇಲ್ಲಿಯವ್ರಿಗೆ ಸರಿಯಾದ ಸಲಹೆ ಅದು, ಬೆಂಗಳೂರಿಗೆ ಹಾಗೇ ಹೊತ್ಕೊಂಡು ಬಂದ್ರೆ ನಡಿಯಲ್ಲ.

ಮಾಡ್ಲೇಬೇಕು ಅಂತಿದ್ರೆ ಗೊತ್ತಿರ್ಲಿ, ಎ ಪ್ಲಸ್ ಅಂದ್ರೆ ಎರಡು ಪರೀಕ್ಷೆ, ಎರಡಕ್ಕೂ ಬೇರೆ ಬೇರೆ ಫೀಸ್. ಪ್ರತಿಯೊಂದರಲ್ಲೂ ಹೆಚ್ಚಂದ್ರೆ 90 ಪ್ರಶ್ನೆ, 90 ನಿಮಿಷ. 900ಕ್ಕೆ ಮೊದಲನೇದ್ರಲ್ಲಿ 675, ಎರಡನೇದ್ರಲ್ಲಿ 700 ಬರ್ಬೇಕು. 2025ರ ಮಾರ್ಚಲ್ಲಿ 1201, 1202 ಅನ್ನೋ ಹೊಸ ಸರಣಿ ಬಂತು, ಹಳೇ 1101, 1102 ಅದೇ ಸೆಪ್ಟೆಂಬರಲ್ಲಿ ನಿಂತಿದೆ. ಹಳೇ ಪುಸ್ತಕ ಅಗ್ಗಕ್ಕೆ ಸಿಕ್ತು ಅಂತ ತಗೋಬೇಡಿ. ಮೂರು ವರ್ಷಕ್ಕೊಮ್ಮೆ ನವೀಕರಣ. ಪ್ರೊಫೆಸರ್ ಮೆಸರ್ ವೀಡಿಯೊಗಳು ಯೂಟ್ಯೂಬಲ್ಲಿ ಪೂರ್ತಿ ಉಚಿತ, ಪರೀಕ್ಷೆ ಬರೀದಿದ್ರೂ ನೋಡಿ.

ನೈಟ್‌ಶಿಫ್ಟ್_ಕಾಫಿ:
ಓಹ್, ಇದು ಗೊತ್ತಿರ್ಲಿಲ್ಲ. ಅದಕ್ಕೇನಾ ನಮ್ಮ ಜೆಡಿಗಳಲ್ಲಿ ಎ ಪ್ಲಸ್ ಅಷ್ಟು ಅಪರೂಪ.

ಟೆಂಡರ್_ನೋಡಿದೋನು:
ಹಂಗಂತ ನಮ್ಮಲ್ಲಿ ಸರ್ಟಿಫಿಕೇಟಿಗೆ ಬೆಲೆನೇ ಇಲ್ಲ ಅಂದ್ಕೋಬೇಡಿ, ಬೆಲೆ ಇರೋ ಜಾಗ ಬೇರೆ ಅಷ್ಟೆ. ಸರ್ಕಾರಿ ಇಲಾಖೆ, ಬ್ಯಾಂಕ್, ವಿಶ್ವವಿದ್ಯಾಲಯ ಇವ್ರು ಐಟಿ ನಿರ್ವಹಣೆಗೆ ಟೆಂಡರ್ ಕರೀತಾರಲ್ಲ, ಅದರಲ್ಲಿ ರೆಸಿಡೆಂಟ್ ಎಂಜಿನಿಯರ್ (ಅವ್ರ ಕಚೇರಿಲೇ ಕೂತು ಕೆಲಸ ಮಾಡೋರು) ಹೇಗಿರ್ಬೇಕು ಅಂತ ಒಂದು ಟೇಬಲ್ ಇರತ್ತೆ. ನೆಟ್‌ವರ್ಕ್ ಎಂಜಿನಿಯರ್ ಅಂದ್ರೆ ಡಿಗ್ರಿ ಅಥವಾ ಡಿಪ್ಲೊಮಾ, ಇಂತಿಷ್ಟು ವರ್ಷ ಅನುಭವ, ಸಿಸಿಎನ್‌ಎ ಇರ್ಬೇಕು ಅಂತ ಎಷ್ಟೋ ಕಡೆ ಬರೆದಿರ್ತಾರೆ. ಅಲ್ಲಿ ಕಾಗದ ಇಲ್ಲ ಅಂದ್ರೆ ನೀವು ಎಷ್ಟೇ ಬುದ್ಧಿವಂತರಾಗಿರಿ ಕಂಪನಿ ನಿಮ್ಮನ್ನ ಹಾಕೋ ಹಾಗಿಲ್ಲ. ಕೆಲವು ಟೆಂಡರಲ್ಲಿ ಇವತ್ತಿಗೂ ಎಂಸಿಎಸ್‌ಇ ಅಂತ್ಲೇ ಇರತ್ತೆ, ಹಳೇ ಟೆಂಡರಿಂದ ಕಾಪಿ ಪೇಸ್ಟ್, ಯಾರಿಗ್ ಹೇಳೋಣ.

ಇನ್ನೊಂದು ಜಾಗ ಪಾರ್ಟ್ನರ್ ಕಂಪನಿಗಳು. ಸಿಸ್ಕೊ, ಮೈಕ್ರೋಸಾಫ್ಟ್ ಇವ್ರ ಪಾರ್ಟ್ನರ್ ದರ್ಜೆ ಉಳಿಸ್ಕೊಳ್ಳೋಕೆ ಆ ಕಂಪನಿಲಿ ಇಂತಿಷ್ಟು ಜನ ಸರ್ಟಿಫೈಡ್ ಇರ್ಬೇಕಾಗತ್ತೆ. ಅಂಥ ಕಡೆ ಪರೀಕ್ಷೆ ಫೀಸನ್ನ ಅವ್ರೇ ಕೊಡ್ತಾರೆ, ಪಾಸಾದ್ರೆ. ಹಂಗಾಗಿ ಟಿಕೆಟ್ ಅವ್ರು ಹೇಳಿದ್ದು ಸರಿ, ಮೊದ್ಲು ಹೇಗಾದ್ರೂ ಒಳಗೆ ಹೋಗೋದು, ಆಮೇಲೆ ಎಲ್2, ಅಂದ್ರೆ ಮುಂದಿನ ಹಂತಕ್ಕೆ ಹಾರೋವಾಗ ಸರ್ಟಿಫಿಕೇಟ್. ಎಲ್1 ಇಂದ ಎಲ್2 ಆಗೋವಾಗ ಮೈಕ್ರೋಸಾಫ್ಟಿನ ಎಂಡಿ-102 ಪರೀಕ್ಷೆ ಚೆನ್ನಾಗಿ ಕೆಲಸ ಮಾಡತ್ತೆ, ಆಫೀಸ್ ಮಷಿನ್‌ಗಳನ್ನ ದೂರದಿಂದ್ಲೇ ಸೆಟಪ್ ಮಾಡಿ ನೋಡ್ಕೊಳ್ಳೋ ಇನ್‌ಟ್ಯೂನ್, ಆಟೋಪೈಲಟ್ ಎಲ್ಲ ಅದ್ರಲ್ಲಿದೆ. ವರ್ಷಕ್ಕೊಮ್ಮೆ ನವೀಕರಿಸ್ಬೇಕು, ಆದ್ರೆ ಅದು ಆನ್‌ಲೈನ್, ಫೀಸಿಲ್ಲ. ಮೈಕ್ರೋಸಾಫ್ಟ್ ಕ್ಲೌಡಿನ ಎಝಡ್-900 ಥರ ಫಂಡಮೆಂಟಲ್ಸ್ ಪರೀಕ್ಷೆ ಸುಲಭ, ಎಕ್ಸ್‌ಪೈರಿ ಇಲ್ಲ, ಆದ್ರೆ ಡೆಸ್ಕ್‌ಟಾಪ್ ಸಪೋರ್ಟಿಗೆ ಅದ್ರಿಂದ ಏನೂ ಆಗಲ್ಲ, ಎಲ್ರೂ ಮಾಡಿರ್ತಾರೆ.

ಬಿಟ್‌ಲಾಕರ್_ಬಲಿಪಶು:
ಸರ್ಟಿಫಿಕೇಟಲ್ಲಿ ಬರ್ದೇ ಇರೋದು ಏನು ಅಂತ ತಿಳೀಬೇಕಂದ್ರೆ 2024ರ ಜುಲೈ 19 ನೆನಪು ಮಾಡ್ಕೊಳ್ಳಿ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಅಪ್‌ಡೇಟ್ ಕೆಟ್ಟು ಹೋಗಿ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಮಷಿನ್ ನೀಲಿ ಸ್ಕ್ರೀನಿಗೆ ಬಿದ್ದಿದ್ವು, ಏರ್‌ಪೋರ್ಟಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟಿದ್ದ ಫೋಟೊ ಎಲ್ರೂ ನೋಡಿದೀರ. ಬಗೆಹರಿಸೋದು ಏನೂ ಬ್ರಹ್ಮವಿದ್ಯೆ ಅಲ್ಲ, ಸೇಫ್ ಮೋಡಿಗೆ ಹೋಗು, ಡ್ರೈವರ್ಸ್ ಫೋಲ್ಡರೊಳಗೆ ಕ್ರೌಡ್‌ಸ್ಟ್ರೈಕ್ ಫೋಲ್ಡರ್ ಓಪನ್ ಮಾಡು, ಸಿ-00000291 ಇಂದ ಶುರುವಾಗೋ ಫೈಲ್ ಅಳಿಸು, ರೀಸ್ಟಾರ್ಟ್. ಆದ್ರೆ ಮಷಿನ್ ನೆಟ್‌ವರ್ಕಿಗೇ ಬರ್ತಿಲ್ವಲ್ಲ, ಮುಕ್ಕಾಲು ಮಷಿನಿಗೆ ರಿಮೋಟಲ್ಲಿ ಮಾಡೋಕಾಗಲ್ಲ, ಒಂದೊಂದಕ್ಕೂ ಹೋಗಿ ನಿಂತ್ಕೋಬೇಕು. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ರೆ ಪ್ರತಿ ಮಷಿನಿಗೂ 48 ಅಂಕಿಯ ರಿಕವರಿ ಕೀ ಟೈಪ್ ಮಾಡ್ಬೇಕು. ಕೆಲವು ಕಡೆ ಆ ಕೀ ಇಟ್ಟಿದ್ದ ಸರ್ವರೇ ನೀಲಿ ಬಿದ್ದಿತ್ತು. ಮನೇಲಿದ್ದ ಯೂಸರ್‌ಗೆ ಫೋನಲ್ಲಿ ಒಂದೊಂದೇ ಅಂಕಿ ಓದಿ ಹೇಳೋದು, ಅವ್ರು ತಪ್ಪು ಹೊಡೆಯೋದು, ಮತ್ತೆ ಮೊದ್ಲಿಂದ.

ಆ ವಾರ ನಮ್ಮಲ್ಲಿ ಹೆಸರು ಮಾಡಿದ್ದು ಒಬ್ಳು ಬಿಎಸ್ಸಿ ಹುಡುಗಿ, ಆಗ ತಾನೇ ಸೇರಿದ್ಳು, ಒಂದೂ ಸರ್ಟಿಫಿಕೇಟ್ ಇರ್ಲಿಲ್ಲ. ಅಂಕಿನ ಆರಾರಾಗಿ ಮುರಿದು ಓದಿ, ಯೂಸರ್ ಹತ್ರ ತಿರುಗಿ ಹೇಳಿಸಿ, ಆಮೇಲೇ ಮುಂದಿನ ಆರು. ಕಿರುಚೋ ಮ್ಯಾನೇಜರ್‌ಗಳನ್ನೂ ತಣ್ಣಗೆ ಕೂರಿಸಿದ್ಳು. ಅಂಥವ್ರಿಗೆ ಆಮೇಲೆ ಕಂಪನಿ ದುಡ್ಡಲ್ಲೇ ಸರ್ಟಿಫಿಕೇಟ್ ಬಂತು.

ರೆಸ್ಯೂಮೆ_ನೋಡೋಳು:
ಫ್ರೆಶರ್ಸ್‌ಗೆ ಒಂದು ಎಚ್ಚರಿಕೆ, ವಿಷಯಕ್ಕೆ ಸ್ವಲ್ಪ ಹೊರಗಿನದು ಆದ್ರೂ ಹೇಳ್ಲೇಬೇಕು. "ಇಂಟರ್‌ನ್ಯಾಷನಲ್ ಟೆಕ್ ಸಪೋರ್ಟ್ ಪ್ರೊಸೆಸ್, ಅನುಭವ ಬೇಡ, ಸರ್ಟಿಫಿಕೇಟ್ ಬೇಡ, ಇನ್ಸೆಂಟಿವ್ ಲಕ್ಷಗಟ್ಲೆ" ಅಂತ ಬರೋ ಜಾಹೀರಾತಲ್ಲಿ ಕೆಲವು ಶುದ್ಧ ಮೋಸದ ಕಾಲ್ ಸೆಂಟರ್. ಅಮೆರಿಕದ ಮುದುಕರ ಸ್ಕ್ರೀನ್ ಮೇಲೆ ವೈರಸ್ ಬಂದಿದೆ ಅಂತ ಸುಳ್ಳು ಪಾಪ್‌ಅಪ್ ತೋರ್ಸಿ, ಫೋನ್ ಮಾಡಿದ್ರೆ ರಿಮೋಟ್ ತಗೊಂಡು ದುಡ್ಡು ಕೀಳೋದು. 2023ರಲ್ಲಿ ಸಿಬಿಐ ಆಪರೇಷನ್ ಚಕ್ರ-2 ಅಂತ ದಾಳಿ ಮಾಡ್ತಲ್ಲ, ಅದರಲ್ಲಿ ಮೈಕ್ರೋಸಾಫ್ಟ್, ಅಮೆಜಾನ್ ಕೊಟ್ಟ ದೂರಿನ ಮೇಲೆ ಇಂಥ ಸೆಂಟರ್‌ಗಳೂ ಇದ್ವು. ಗುರುತು ಹೇಗೆ ಅಂದ್ರೆ, ನಿಮ್ಗೆ ಬೇರೆ ಹೆಸರು ಇಟ್ಕೋ ಅಂತಾರೆ, ಗಿಫ್ಟ್ ಕಾರ್ಡಲ್ಲಿ ದುಡ್ಡು ತಗೋ ಅಂತಾರೆ, ಸಮಸ್ಯೆ ಬಗೆಹರಿಸಿದ್ದಕ್ಕಲ್ಲ, ಮಾರಿದ್ದಕ್ಕೆ ಇನ್ಸೆಂಟಿವ್. ಅಲ್ಲಿ ಒಂದು ತಿಂಗಳು ಇದ್ರೂ ಪೊಲೀಸ್ ಕೇಸಲ್ಲಿ ಹೆಸರು ಬರೋ ಅಪಾಯ ಇದೆ. ಮತ್ತೆ ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀಸ್ ಅಂತ ಕೆಲಸಕ್ಕೆ ದುಡ್ಡು ಕೇಳಿದ್ರೂ ಕೊಡ್ಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡಂತೂ ಯಾರ ಕೈಗೂ ಕೊಡ್ಬೇಡಿ.

ರಾಯಚೂರು_ಡಿಪ್ಲೊಮಾ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಅಪ್ರೆಂಟಿಸ್ ಆಗಿ ಸೇರೋದು ಹೇಗೆ ಅಂತ ಯಾರೂ ಹೇಳ್ಲಿಲ್ಲ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ ಎನ್‌ಎಟಿಎಸ್ ಪೋರ್ಟಲಲ್ಲಿ ಐಟಿ ಸಪೋರ್ಟ್ ಜಾಗಗಳು ಆಗಾಗ ಬರ್ತಾವೆ, 2019ರ ನಿಯಮದಲ್ಲಿ ಡಿಗ್ರಿಯವ್ರಿಗೆ ಕನಿಷ್ಠ 9,000, ಡಿಪ್ಲೊಮಾದವ್ರಿಗೆ 8,000 ಸ್ಟೈಪೆಂಡ್ ಅಂತ ಇತ್ತು. ದುಡ್ಡು ಕಮ್ಮಿ, ಆದ್ರೆ ಒಂದು ವರ್ಷ ಆದ್ಮೇಲೆ ಕೇಂದ್ರ ಸರ್ಕಾರದ ಸರ್ಟಿಫಿಕೇಟ್ ಕೊಡ್ತಾರೆ, ಅನುಭವ ಪತ್ರನೂ ಇರ್ತದ. ದುಡ್ಡು ಕೊಟ್ಟು ಕಲಿಯೋದಕ್ಕಿಂತ ದುಡ್ಡು ತಗೊಂಡು ಕಲಿಯೋದು ಮೇಲಲ್ವಾ. ಯುವನಿಧಿ ತಗೊಳ್ತಿದ್ರೆ ಮಾತ್ರ ನೋಡ್ಕೊಳ್ಳಿ, ಡಿಗ್ರಿಯವ್ರಿಗೆ ತಿಂಗಳಿಗೆ 3,000 ಬರ್ತದಲ್ಲ, ಅಪ್ರೆಂಟಿಸ್ ಆದ್ರೆ ಅದು ನಿಲ್ತದ.

ಆಮೇಲೆ ನಂದೊಂದು ಪ್ರಶ್ನೆ, ಐಟಿಐಎಲ್ ಫೌಂಡೇಶನ್ (ಐಟಿ ಸೇವೆ ನಡೆಸೋ ಕ್ರಮದ ಸರ್ಟಿಫಿಕೇಟ್) ಮಾಡು ಅಂತ ಒಬ್ರು ಹೇಳ್ತಿದಾರೆ, ಫ್ರೆಶರ್‌ಗೆ ಬೇಕಾ?

ಟಿಕೆಟ್_ಕ್ಲೋಸ್ಡ್:
ಅಪ್ರೆಂಟಿಸ್ ಒಳ್ಳೆ ಐಡಿಯಾ, ನಾನು ಮರ್ತೇಬಿಟ್ಟಿದ್ದೆ. ಐಟಿಐಎಲ್ ಈಗ ಬೇಡ. 40 ಪ್ರಶ್ನೆ, 26 ಸರಿಯಾದ್ರೆ ಪಾಸ್, ಕಷ್ಟ ಏನಿಲ್ಲ, ಆದ್ರೆ ಫೀಸ್ ಜಾಸ್ತಿ ಮತ್ತೆ ಈಗ ಮೂರು ವರ್ಷಕ್ಕೊಮ್ಮೆ ನವೀಕರಿಸ್ಬೇಕು ಬೇರೆ. ಇಂಟರ್ವ್ಯೂಗೆ ಅದರಲ್ಲಿ ಬೇಕಾಗಿರೋದು ಮೂರೇ ಪದ. ಪ್ರಿಂಟರ್ ಓಡ್ತಿತ್ತು ಈಗ ಓಡ್ತಿಲ್ಲ, ಅದು ಇನ್ಸಿಡೆಂಟ್. ಹೊಸ ಮೌಸ್ ಬೇಕು, ಅದು ಸರ್ವೀಸ್ ರಿಕ್ವೆಸ್ಟ್. ಅದೇ ಪ್ರಿಂಟರ್ ವಾರಕ್ಕೆ ಮೂರು ಸಲ ಕೈ ಕೊಡ್ತಿದೆ, ಯಾಕೆ ಅಂತ ಮೂಲ ಹುಡುಕೋದು ಪ್ರಾಬ್ಲಂ. ಎಸ್‌ಎಲ್‌ಎ, ಅಂದ್ರೆ ಎಷ್ಟು ಹೊತ್ತಲ್ಲಿ ಬಗೆಹರಿಸ್ಬೇಕು ಅನ್ನೋ ಒಪ್ಪಂದ, ಅದನ್ನೂ ಓದ್ಕೋ. ಆಯ್ತು ನಿನ್ನ ಐಟಿಐಎಲ್.

ಹಾಸನ_ಬಿಕಾಂ:
ಇನ್‌ಸ್ಟಿಟ್ಯೂಟ್‌ಗೆ ಫೋನ್ ಮಾಡಿ ಎಂಸಿಎಸ್‌ಇ ನಿಂತೋಗಿದೆಯಂತಲ್ಲ ಅಂದೆ. ಅದು ಹೆಸರು ಮಾತ್ರ ಸರ್, ನಮ್ಮದೇ ಸರ್ಟಿಫಿಕೇಟ್ ಕೊಡ್ತೀವಿ ಅಂದ್ರು. ಪರೀಕ್ಷೆ ಫೀಸ್ ಆ 65 ಸಾವಿರದಲ್ಲಿ ಸೇರಿದೆಯಾ ಅಂದೆ, ಇಲ್ವಂತೆ. ಪ್ಲೇಸ್‌ಮೆಂಟ್ ಗ್ಯಾರಂಟಿ ಬರೆದು ಕೊಡ್ತೀರಾ ಅಂದೆ, ಫೋನ್ ಇಟ್ರು.

ಸರ್ವರ್ ಇವ್ಯಾಲ್ಯುಯೇಶನ್ ಇಳ್ಸಿದೀನಿ, ಡೊಮೇನ್ ಆಯ್ತು, ಕ್ಲೈಂಟ್ ಜಾಯಿನ್ ಆಗ್ತಿಲ್ಲ, ಡಿಎನ್‌ಎಸ್ ನೋಡ್ತಿದೀನಿ ಕುಡ್ಲ ಸರ್. ಇನ್ನೊಂದು ಕೇಳೋದಿತ್ತು, ಮುಂದೆ ಯಾವಾಗ್ಲಾದ್ರೂ ಸಿಸಿಎನ್‌ಎ ಬರೀಬೇಕಂದ್ರೆ ಮನೇಲೇ ಕೂತು ಬರೀಬಹುದಾ ಸೆಂಟರಿಗೇ ಹೋಗ್ಬೇಕಾ?

ನೈಟ್‌ಶಿಫ್ಟ್_ಕಾಫಿ:
ಎರಡೂ ಇದೆ, ಪರೀಕ್ಷೆ ನಡೆಸೋ ಪಿಯರ್ಸನ್ ವ್ಯೂ ಕಂಪನಿಯ ಸೆಂಟರ್ ಬೆಂಗಳೂರಲ್ಲಿ ಇವೆ, ಆನ್‌ಲೈನಲ್ಲೂ ಬರೀಬಹುದು. ಆನ್‌ಲೈನಲ್ಲಿ ರೂಮೆಲ್ಲ ಫೋಟೊ ತೆಗ್ದು ಕಳಿಸ್ಬೇಕು, ಮಧ್ಯ ಯಾರಾದ್ರೂ ಒಳಗೆ ಬಂದ್ರೆ ಪರೀಕ್ಷೆ ರದ್ದಾಗ್ಬಹುದು, ಅಣ್ಣನ ರೂಮಲ್ಲಿ ಆಗೋ ಮಾತಲ್ಲ, ಕರೆಂಟ್ ಬೇರೆ. ಸೆಂಟರೇ ವಾಸಿ.

ಹೆಸರು ಮಾತ್ರ ಈಗ್ಲೇ ನೋಡ್ಕೊಳ್ಳಿ. ನಮ್ಮಲ್ಲಿ ಆಧಾರಲ್ಲಿ ಇನಿಷಿಯಲ್ ಹಿಂದೆ ಇರತ್ತೆ, ಮಾರ್ಕ್ಸ್ ಕಾರ್ಡಲ್ಲಿ ಮುಂದೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿರ್ತಾರೆ. ಅಕೌಂಟ್ ಮಾಡೋವಾಗ ಯಾವ ಐಡಿ ತಗೊಂಡು ಹೋಗ್ತೀರೋ ಅದರಲ್ಲಿ ಇರೋ ಥರಾನೇ ಮೊದಲ ಹೆಸರು, ಕೊನೆ ಹೆಸರು ಹಾಕಿ. ಹೊಂದಲಿಲ್ಲ ಅಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ, ಫೀಸೂ ಹೋಗತ್ತೆ. ಪಾಸ್‌ಪೋರ್ಟ್ ಇದ್ರೆ ಅದನ್ನೇ ಇಟ್ಕೊಂಡು ಅಕೌಂಟ್ ಮಾಡಿ.